ತಾಡಪತ್ರಗಳ ಛಾಯಾಗ್ರಹಣ: ಮಸೂರ, ಕ್ಯಾಮೆರಾ ಮತ್ತು ಸಲಕರಣೆಗಳ ಆಯ್ಕೆ

ಗ್ರಂಥಸಂಪಾದನಕಾರ್ಯದಲ್ಲಿ ಒಂದೇ ಒಂದು ಪದದ ಲೋಪವು ಎಷ್ಟು ದೊಡ್ಡ ಚರ್ಚೆಗೆ ಎಡೆಗೊಡಬಲ್ಲುದೆಂಬುದಕ್ಕೆ ಷಟ್ಖಂಡಾಗಮದ ಪ್ರಕಟಣೆಯ ಇತಿಹಾಸವೇ ಸಾಕ್ಷಿಯಾಗಿದೆ. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾಟೀಕಾಸಹಿತವಾದ ಪ್ರಥಮ ಸಂಪುಟವು ಹೊರಬಂದಾಗ ಅದಕ್ಕೆ ಆಧಾರವಾಗಿದ್ದವು ಕಾಗದದ ನಕಲುಗಳು. ಮೂಡಬಿದಿರೆಯ ಹಳಗನ್ನಡ ಲಿಪಿಯ ತಾಡಪತ್ರಗಳಲ್ಲ. ಆ ನಕಲುಗಳಲ್ಲಿ ಸತ್ಪ್ರರೂಪಣೆಯ 93ನೆಯ ಸೂತ್ರದೊಳಗೆ ‘ಸಂಜದ’ ಎಂಬ ಪದವು ಇರಲಿಲ್ಲ. ಅನಂತರ ಮೂಡಬಿದಿರೆಯ ಪ್ರತಿಗಳೊಡನೆ ತಾಳೆನೋಡಲಾಗಿ ಆ ಪದವು ಅಲ್ಲಿ ಕಂಡುಬಂದಿತು. ಆ ಪದದ ಸೈದ್ಧಾಂತಿಕ ತಾತ್ಪರ್ಯವನ್ನು ವಿದ್ವಾಂಸರು ವಿಸ್ತಾರವಾಗಿ ಚರ್ಚಿಸಿರುವುದರಿಂದ ಇಲ್ಲಿ ಅದನ್ನು ಎತ್ತಿಕೊಳ್ಳುವುದಿಲ್ಲ. ನಕಲು ಎಷ್ಟೇ ಶ್ರದ್ಧೆಯಿಂದ ಸಿದ್ಧವಾಗಿದ್ದರೂ ಮೂಲಕ್ಕೆ ಸಮಾನವಾಗಲಾರದೆಂಬ ಅಂಶವಷ್ಟೇ ಪ್ರಸ್ತುತ ಲೇಖನಕ್ಕೆ ಬೇಕಾದುದು.

ಇಂದು ನಮ್ಮ ಮಠಗಳ, ಬಸದಿಗಳ ಹಾಗೂ ಮನೆತನಗಳ ಭಂಡಾರಗಳಲ್ಲಿ ನಕಲು ಮಾಡುವ ಕೆಲಸವನ್ನು ಕ್ಯಾಮೆರಾ ವಹಿಸಿಕೊಂಡಿದೆ. ಯಂತ್ರವು ತಪ್ಪು ಮಾಡದೆಂಬ ನಂಬಿಕೆಯೂ ಜೊತೆಯಲ್ಲಿಯೇ ಬಂದಿದೆ. ಆದರೆ ಛಾಯಾಪ್ರತಿಯೂ ಒಂದು ಪ್ರತಿಯೇ. ಕ್ಯಾಮೆರಾ ಹೊಸ ಲಿಪಿಕಾರನೇ. ಅವನ ಕಣ್ಣು ಮಂಜಾಗಿದ್ದರೆ ಅನುಸ್ವಾರವು ಅಳಿಸಿಹೋಗುವುದು, ಹುಳು ಕೊರೆದ ರಂಧ್ರವು ಅನುಸ್ವಾರವಾಗಿ ನಿಲ್ಲುವುದು, ದಕಾರ ಧಕಾರಗಳ ಭೇದವು ಮಾಯವಾಗುವುದು. ಗರಿಯು ಮುಂದೆ ಪುಡಿಯಾದಾಗ ಈ ದೋಷಗಳನ್ನು ತಿದ್ದಲು ಬೇರೆ ಸಾಕ್ಷಿಯೇ ಉಳಿಯದು. ಆದುದರಿಂದ ಸಲಕರಣೆಗಳನ್ನು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ, ಹೆಸರಿನದೂ ಅಲ್ಲ. ಗರಿಯ ಮೇಲಿನ ಅತಿ ಸಣ್ಣ ಗೆರೆಯು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವುದೋ ಇಲ್ಲವೋ ಎಂಬುದು.

ಇದನ್ನು ಲೆಕ್ಕದಿಂದಲೇ ನಿರ್ಣಯಿಸಬಹುದು. ಗರಿಯ ಉದ್ದ 45 ಸೆಂ.ಮೀ. ಎಂದಿಟ್ಟುಕೊಳ್ಳೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವು ಅಗಲದಲ್ಲಿ ಸುಮಾರು 6000 ಬಿಂದುಗಳನ್ನು ಹೊಂದಿರುತ್ತದೆ. ಇಡೀ ಗರಿಯನ್ನು ಒಂದೇ ಚಿತ್ರದಲ್ಲಿ ತುಂಬಿಸಿದರೆ ಪ್ರತಿ ಮಿಲಿಮೀಟರಿಗೆ ಸುಮಾರು 13 ಬಿಂದುಗಳು ದೊರೆಯುತ್ತವೆ. ಕಂಟದ ಗೆರೆಯ ದಪ್ಪ 0.2 ಮಿ.ಮೀ. ಇದ್ದಲ್ಲಿ ಅದಕ್ಕೆ ಎರಡು ಮೂರು ಬಿಂದುಗಳಷ್ಟೇ ಒದಗುವುದರಿಂದ ಸಂದೇಹಾಸ್ಪದ ಅಕ್ಷರವು ಸಂದೇಹಾಸ್ಪದವಾಗಿಯೇ ಉಳಿಯುತ್ತದೆ. ಅದೇ ಗರಿಯನ್ನು 25 ಸೆಂ.ಮೀ.ಗಳ ಎರಡು ಭಾಗಗಳಾಗಿ, ನಡುವೆ 5 ಸೆಂ.ಮೀ. ಎರಡರಲ್ಲಿಯೂ ಬರುವಂತೆ ತೆಗೆದರೆ ಮಿಲಿಮೀಟರಿಗೆ 24 ಬಿಂದುಗಳಾಗಿ ಅದೇ ಗೆರೆಗೆ ಐದರಷ್ಟು ಒದಗುತ್ತವೆ. 45 ಮೆಗಾಪಿಕ್ಸೆಲ್ಲಿನ ದುಬಾರಿ ಕ್ಯಾಮೆರಾದಲ್ಲಿ ಇಡೀ ಗರಿಯನ್ನು ಒಮ್ಮೆಗೇ ತೆಗೆದರೂ ಸಿಗುವುದು ಮಿಲಿಮೀಟರಿಗೆ 18 ಬಿಂದುಗಳು ಮಾತ್ರ. ಹೀಗಾಗಿ ಸಾಧಾರಣ ಕ್ಯಾಮೆರಾವನ್ನು ತಾಳ್ಮೆಯಿಂದ ಬಳಸಿದವನ ಪ್ರತಿಯು ಹೆಚ್ಚು ವಿಶ್ವಾಸಾರ್ಹವಾಗುತ್ತದೆ. ಹಣ ಮಿತವಾಗಿದ್ದಲ್ಲಿ ಮಸೂರ, ನಿಲುಗಂಬ, ದೀಪ, ಕೊನೆಯಲ್ಲಿ ಕ್ಯಾಮೆರಾ ಎಂಬ ಕ್ರಮದಲ್ಲಿ ವ್ಯಯಮಾಡುವುದು ಯುಕ್ತ.

ಮಸೂರಗಳಲ್ಲಿ ಮ್ಯಾಕ್ರೋ ಎಂದು ಕರೆಯಲ್ಪಡುವ, ಸ್ಥಿರ ಸಂಗಮದೂರವುಳ್ಳದ್ದೇ ಗ್ರಾಹ್ಯ. ಮೇಲಿನ ಕ್ರಮದಲ್ಲಿ, 36 ಮಿ.ಮೀ. ಅಗಲದ ಸಂವೇದಕವುಳ್ಳ ಕ್ಯಾಮೆರಾದೊಳಗೆ ಗರಿಯ ಬಿಂಬವು ಏಳನೆಯ ಒಂದಂಶಕ್ಕೆ ಕುಗ್ಗುವುದರಿಂದ, ವಸ್ತುವಿನಷ್ಟೇ ದೊಡ್ಡ ಬಿಂಬ ಕೊಡುವ ಅದರ ಶಕ್ತಿಯು ನಮಗೆ ವಿರಳವಾಗಿ ಬೇಕಾಗುತ್ತದೆ. ಆದರೂ ಅದನ್ನೇ ಕೊಳ್ಳಬೇಕೆನ್ನಲು ಕಾರಣವಿದೆ. ಅದು ಸಮೀಪದ ಸಮತಲವಸ್ತುವಿಗಾಗಿಯೇ ರೂಪಿತವಾಗಿರುವುದರಿಂದ ಗರಿಯ ನಡುಭಾಗದಷ್ಟೇ ತುದಿಗಳೂ ಸ್ಪಷ್ಟವಾಗುತ್ತವೆ, ಪಂಕ್ತಿಗಳು ಬಾಗುವುದಿಲ್ಲ. ಜೂಮ್ ಮಸೂರಗಳಲ್ಲಿ ಪಂಕ್ತಿಗಳು ಬಿಲ್ಲಿನಂತೆ ಬಾಗುವುದುಂಟು. ಅಲ್ಲದೆ ಕೆಳಮುಖವಾಗಿ ತೂಗುಹಾಕಿದಾಗ ಅವುಗಳ ಕೊಳವೆಯು ತನ್ನ ಭಾರದಿಂದಲೇ ಜಾರಿ, ಮೊದಲ ಗರಿಯ ಅಳತೆ ನೂರನೆಯ ಗರಿಗೆ ಹೊಂದದಂತಾಗುತ್ತದೆ. ಸಂಗಮದೂರವನ್ನು ಕೋಣೆಗೆ ಅನುಗುಣವಾಗಿ ಆರಿಸಬೇಕು. ಮೇಲೆ ಹೇಳಿದ ಕ್ರಮದಲ್ಲಿ 60 ಮಿ.ಮೀ. ಮಸೂರವು ಗರಿಯಿಂದ ಸುಮಾರು 48 ಸೆಂ.ಮೀ. ಎತ್ತರದಲ್ಲಿಯೂ 100 ಮಿ.ಮೀ. ಮಸೂರವು ಸುಮಾರು 80 ಸೆಂ.ಮೀ. ಎತ್ತರದಲ್ಲಿಯೂ ನಿಲ್ಲಬೇಕಾಗುತ್ತದೆ. ಇಕ್ಕಟ್ಟಾದ ಭಂಡಾರಗಳಲ್ಲಿ ಮೊದಲನೆಯದೇ ಅನುಕೂಲ.

ಮಸೂರದ ರಂಧ್ರವನ್ನು ಎಫ್ 8ರಲ್ಲಿಡುವುದು ಉತ್ತಮ. ಆಗ ಸುಮಾರು 1 ಸೆಂ.ಮೀ. ಆಳದವರೆಗೆ ಸ್ಪಷ್ಟತೆ ದೊರೆಯುವುದರಿಂದ ಅಲ್ಪಸ್ವಲ್ಪ ಸುರುಟಿದ ಗರಿಯನ್ನು ಒತ್ತಿ ಚಪ್ಪಟೆ ಮಾಡಬೇಕಾದ ಪ್ರಮೇಯವಿಲ್ಲ. ಒಣಗಿದ ಗರಿಯ ಮೇಲೆ ಗಾಜನ್ನು ಒತ್ತುವುದೆಂದರೆ ಪ್ರತಿಯೊಂದನ್ನು ಪಡೆಯಲು ಮೂಲವನ್ನು ಮುರಿದಂತೆ. ಹೆಚ್ಚು ಆಳದ ಆಸೆಯಿಂದ ರಂಧ್ರವನ್ನು 22ರವರೆಗೆ ಕಿರಿದಾಗಿಸಿದರೆ ಬೆಳಕು ಅಂಚುಗಳಲ್ಲಿ ಚದುರಿ ಇಡೀ ಚಿತ್ರವು ಮಸುಕಾಗುತ್ತದೆ.

ಕ್ಯಾಮೆರಾವನ್ನು ಕೈಯಲ್ಲಿ ಹಿಡಿಯಲೇಬಾರದು. ಮೇಜಿಗೆ ಭದ್ರಪಡಿಸಿದ ನಿಲುಗಂಬವೊಂದು ಅತ್ಯಗತ್ಯ. ಸಂವೇದಕವು ಗರಿಗೆ ಸಮಾನಾಂತರವಾಗಿದೆಯೇ ಎಂಬುದನ್ನು ತಿಳಿಯಲು ಸುಲಭವಾದ ಉಪಾಯವುಂಟು. ಗರಿಯಿಡುವ ಸ್ಥಳದಲ್ಲಿ ಚಿಕ್ಕ ಕನ್ನಡಿಯೊಂದನ್ನು ಚಪ್ಪಟೆಯಾಗಿಟ್ಟು ನೋಡಿದಾಗ ಮಸೂರದ ಪ್ರತಿಬಿಂಬವು ಚಿತ್ರದ ನಟ್ಟನಡುವೆ ಕಂಡರೆ ಜೋಡಣೆ ಸರಿಯಿದೆಯೆಂದು ತಿಳಿಯಬೇಕು. ಗುಂಡಿಯನ್ನು ಬೆರಳಿನಿಂದ ಒತ್ತದೆ ತಂತಿಯ ಮೂಲಕ ಒತ್ತುವುದು, ಐ.ಎಸ್.ಓ. 100ರಲ್ಲಿ ತೆಗೆಯುವುದು, ಸಂಗಮವನ್ನು ಕೈಯಿಂದಲೇ ಹೊಂದಿಸಿ ಸ್ಥಿರಪಡಿಸುವುದು ಇವು ಪಾಲಿಸಬೇಕಾದ ನಿಯಮಗಳು. ಕನ್ನಡಿಯಿಲ್ಲದ ಈಚಿನ ಕ್ಯಾಮೆರಾಗಳಲ್ಲಿ ಅಕ್ಷರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುತ್ತ ಸಂಗಮ ಹೊಂದಿಸಬಹುದಾಗಿದೆ. ಒಳಗಿನ ಕನ್ನಡಿ ಮೇಲೇಳುವಾಗಿನ ಅದುರುವಿಕೆಯೂ ಇಲ್ಲ.

ಬೆಳಕಿನ ವಿಷಯದಲ್ಲಿ ಗರಿಯ ಸ್ವಭಾವವನ್ನು ಅರಿತು ವರ್ತಿಸಬೇಕು. ಮಸಿ ತುಂಬಿದ ಗರಿಗೆ ಎರಡು ಪಕ್ಕಗಳಿಂದ 45 ಅಂಶದ ಕೋನದಲ್ಲಿ ಸಮನಾದ ಎಲ್.ಇ.ಡಿ. ದೀಪಗಳು ಸಾಕು. ಎಣ್ಣೆ ಸವರಿದ ಗರಿಯು ಹೊಳೆಯುತ್ತಿದ್ದರೆ ದೀಪಗಳಿಗೂ ಮಸೂರಕ್ಕೂ ಪರಸ್ಪರ ಅಡ್ಡಲಾಗಿ ಧ್ರುವೀಕರಣ ಶೋಧಕಗಳನ್ನು ಜೋಡಿಸಿ ಹೊಳಪನ್ನು ನೀಗಿಸಬಹುದು. ಕಂಟದಿಂದ ಕೊರೆದು ಮಸಿ ತುಂಬದೆ ಉಳಿದ ಗರಿಗೆ ಈ ಕ್ರಮವು ಒಗ್ಗದು. ಅಲ್ಲಿ ಒಂದೇ ದೀಪವನ್ನು 15ರಿಂದ 20 ಅಂಶದಷ್ಟು ತಗ್ಗಾಗಿಟ್ಟು ಗೆರೆಗಳ ನೆರಳು ಮೂಡುವಂತೆ ಮಾಡಬೇಕು. ಆದರೆ ಕನ್ನಡದ ಅಕ್ಷರಗಳು ದುಂಡಾದುವು. ಬೆಳಕಿನ ದಿಕ್ಕಿಗೆ ಸಮಾನಾಂತರವಾದ ಗೆರೆಗೆ ನೆರಳಿಲ್ಲದುದರಿಂದ ಅಕ್ಷರದ ಒಂದು ಪಾರ್ಶ್ವವು ಕಾಣದೆ ಹೋಗುತ್ತದೆ. ಆದ್ದರಿಂದ ದೀಪವನ್ನು 90 ಅಂಶ ತಿರುಗಿಸಿ ಎರಡನೆಯ ಚಿತ್ರವನ್ನು ತೆಗೆದು, ಎರಡನ್ನೂ ಕೂಡಿಸಿ ಓದುವುದು ಕ್ಷೇಮ. ಕಪ್ಪಿಟ್ಟ ಗರಿಯಲ್ಲಿ ಕಾಡಿಗೆಯ ಮಸಿಯಿದ್ದರೆ ಅವರಕ್ತ ಛಾಯಾಗ್ರಹಣವು ನೆರವಾಗಬಲ್ಲುದು. ಕಾಡಿಗೆಯು ಅವರಕ್ತ ಕಿರಣವನ್ನು ಹೀರಿ ಕಪ್ಪಾಗಿಯೇ ನಿಲ್ಲುತ್ತದೆ, ಗರಿಯ ಕಂದು ತಿಳಿಯಾಗುತ್ತದೆ. ಆದರೆ ಸಾಮಾನ್ಯ ಕ್ಯಾಮೆರಾಗಳೊಳಗೆ ಆ ಕಿರಣವನ್ನು ತಡೆಯುವ ಶೋಧಕವಿರುವುದರಿಂದ ಅದಕ್ಕೆ ಮಾರ್ಪಡಿಸಿದ ಕ್ಯಾಮೆರಾ ಬೇಕು.

ಗರಿಯ ಕೆಳಗೆ ಹಾಸುವ ರಟ್ಟೂ ಪಾಠವನ್ನು ಕೆಡಿಸಬಲ್ಲುದು. ಕಪ್ಪು ರಟ್ಟಿನ ಮೇಲೆ ಹುಳುವಿನ ರಂಧ್ರವು ಮಸಿಯ ಸೊನ್ನೆಯಂತೆಯೇ ಕಾಣುತ್ತದೆ. ತಿಳಿಬೂದು ಬಣ್ಣದ ರಟ್ಟನ್ನು ಹಾಸಿದರೆ ರಂಧ್ರವು ಬೂದುಬಣ್ಣವಾಗಿಯೂ ಸೊನ್ನೆಯು ಕಪ್ಪಾಗಿಯೂ ತೋರುತ್ತವೆ. ಮೂರು ಕಾಸಿನ ಈ ರಟ್ಟು ಉಳಿಸಬಹುದಾದ ಅನುಸ್ವಾರಗಳು ಅನೇಕ. ಗರಿಯ ಪಕ್ಕದಲ್ಲಿ ಅಳತೆಪಟ್ಟಿ, ವರ್ಣಪಟ್ಟಿ ಹಾಗೂ ಕಟ್ಟಿನ ಸಂಖ್ಯೆಯನ್ನು ಇಡುವುದು ಅವಶ್ಯ. ಪತ್ರಸಂಖ್ಯೆಗಳು ಹಿಂದುಮುಂದಾಗಿದ್ದರೂ ಕಟ್ಟು ದೊರೆತ ಕ್ರಮದಲ್ಲಿಯೇ ಎರಡೂ ಮೈಗಳನ್ನು, ಬರಿಯ ಗರಿಗಳನ್ನೂ ಬಿಡದೆ ತೆಗೆಯತಕ್ಕದ್ದು; ಕ್ರಮವನ್ನು ಸರಿಪಡಿಸುವುದು ಸಂಪಾದಕನ ಕಾರ್ಯ, ಛಾಯಾಗ್ರಾಹಕನದಲ್ಲ. ಚಿತ್ರಗಳನ್ನು ಕ್ಯಾಮೆರಾದ ಮೂಲರೂಪದಲ್ಲಿಯೂ ಟಿಫ್ ರೂಪದಲ್ಲಿಯೂ ಕಾಯ್ದಿರಿಸಿ, ಮೂರು ಪ್ರತಿಗಳಲ್ಲಿ ಒಂದನ್ನಾದರೂ ಬೇರೆ ಊರಿನಲ್ಲಿ ಇಡುವುದು ವಿವೇಕ.

1948ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ಪಂ. ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು ನಮ್ಮ ಭಂಡಾರಗಳಲ್ಲಿ ಏನಿದೆಯೆಂಬುದನ್ನು ಲೋಕಕ್ಕೆ ತಿಳಿಸಿತು. ಇರುವುದನ್ನು ಓದಲು ಯೋಗ್ಯವಾದ ರೂಪದಲ್ಲಿ ಉಳಿಸುವ ಹೊಣೆ ನಮ್ಮದು. ಶ್ರುತಪಂಚಮಿಯಂದು ಕಟ್ಟುಗಳನ್ನು ಹೊರತೆಗೆದು, ಧೂಳೊರೆಸಿ, ಪೂಜಿಸುವ ಪದ್ಧತಿಯು ನಮ್ಮಲ್ಲಿದೆ. ಆ ದಿನದ ಪೂಜೆಯ ತರುವಾಯ ಒಂದೇ ಒಂದು ಕಟ್ಟನ್ನಾದರೂ ಆರಿಸಿಕೊಂಡು, ಆತುರಪಡದೆ, ಮೇಲ್ಕಂಡ ಕ್ರಮದಲ್ಲಿ ಛಾಯಾಪ್ರತಿ ಮಾಡಿಸುವುದಾದರೆ ಅದೂ ಶ್ರುತಸೇವೆಯೇ ಆಗುತ್ತದೆ. ಪ್ರತಿ ಸಿದ್ಧವಾದ ಮೇಲೆ ಗರಿಯನ್ನು ಕಟ್ಟುವ ಮೊದಲು ಪಂಡಿತರೊಬ್ಬರು ಹತ್ತು ಗರಿಗಳನ್ನಾದರೂ ಚಿತ್ರದೊಡನೆ ತಾಳೆನೋಡಬೇಕೆಂಬುದು ನನ್ನ ವಿನಮ್ರ ಸೂಚನೆ. ತಪ್ಪು ಕಂಡುಬಂದಲ್ಲಿ ಅಂದೇ ಮತ್ತೊಮ್ಮೆ ತೆಗೆಯಬಹುದು. ಗರಿಯು ಇನ್ನೂ ಎದುರಿಗೇ ಇರುತ್ತದೆ.