ಹಳೇ ಪಾರ್ಟು ಕೈಗಿಟ್ಟು ಹೋಗುವ ರಿಪೇರಿಯವನು

ತುರುವೇಕೆರೆಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಪಹಣಿ ತೆಗೆಯುವುದು, ಅರ್ಜಿ ತುಂಬುವುದು, ಲಗ್ನಪತ್ರಿಕೆ ಹೊಂದಿಸುವುದು ಎಲ್ಲ ಒಂದೇ ಕಂಪ್ಯೂಟರಿನಲ್ಲಿ. 2024ರಲ್ಲಿ ನಾಫೆಡ್‌ನ ಉಂಡೆ ಕೊಬ್ಬರಿ ಖರೀದಿಗೆ ನೋಂದಣಿ ಶುರುವಾದಾಗ ಕ್ವಿಂಟಲಿಗೆ ಕೇಂದ್ರದ ಬೆಂಬಲ ಬೆಲೆ 12,000 ರೂಪಾಯಿ, ಅದರ ಮೇಲೆ ರಾಜ್ಯ ಸರ್ಕಾರದ್ದು 1,500. ಪಹಣಿ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಪ್ರತಿಗೆಂದು ರೈತರು ನಾನು ಬಾಗಿಲು ತೆಗೆಯುವ ಮೊದಲೇ ಬಂದು ಕೂತಿರುತ್ತಿದ್ದರು. ಅಂಥ ವಾರದಲ್ಲಿ ಕಂಪ್ಯೂಟರ್ ಆನ್ ಆಗದಿದ್ದರೆ ರಿಪೇರಿಯವನು ಕೇಳಿದಷ್ಟು ಕೊಟ್ಟುಬಿಡೋಣ ಅನ್ನಿಸುತ್ತದೆ. ಮೋಸ ಮಾಡುವವನಿಗೆ ಬೇಕಾದದ್ದು ಆ ಅವಸರವೇ.

ನಮ್ಮ ಕಡೆ ಕಂಪ್ಯೂಟರ್ ಕೆಡುವ ಕಾರಣಗಳು ಬಹುಪಾಲು ಸಣ್ಣವು. ಕರೆಂಟು ಹೋಗಿ ಬರುವಾಗ ವೋಲ್ಟೇಜ್ ಏರಿಳಿದು ಎಸ್‌ಎಂಪಿಎಸ್ ಸುಡುತ್ತದೆ; ಗೋಡೆಯ ಕರೆಂಟನ್ನು ಯಂತ್ರಕ್ಕೆ ತಕ್ಕಷ್ಟು ಇಳಿಸಿಕೊಡುವ ಪೆಟ್ಟಿಗೆ ಅದು. ಧೂಳು ಕೂತರೆ ರ‍್ಯಾಮ್‌ನ ಸಂಪರ್ಕ ತಪ್ಪುತ್ತದೆ. ಆಗ ಫ್ಯಾನು ತಿರುಗುತ್ತದೆ, ಬೀಪ್ ಸದ್ದು ಬರುತ್ತದೆ, ಪರದೆ ಮಾತ್ರ ಕಪ್ಪು. ಕರೆಂಟು ತೆಗೆದು, ರ‍್ಯಾಮ್ ಪಟ್ಟಿಯನ್ನು ಕಳಚಿ, ಅದರ ಹೊಂಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ತಾರೀಖು ಪದೇ ಪದೇ ಹಿಂದಕ್ಕೆ ಹೋದರೆ ನಾಣ್ಯದಂತಿರುವ ಸಿಆರ್ 2032 ಬ್ಯಾಟರಿ ಮುಗಿದಿರುತ್ತದೆ. ಇಷ್ಟಕ್ಕೇ ‘ಬೋರ್ಡೇ ಹೋಗೈತೆ ಕಣಕ್ಕ’ ಎಂದು ಸಾವಿರಗಟ್ಟಲೆ ಕೇಳಿದವರನ್ನು ನೋಡಿದ್ದೇನೆ.

ಈಗ ನಾನು ಕರೆಸುವ ಹುಡುಗ ತಿಪಟೂರಿನವನು. ಎಸ್‌ಎಂಪಿಎಸ್ ಹೋಗಿದೆ ಅನ್ನಿಸಿದರೆ ಚೀಲದಲ್ಲಿರುವ ಇನ್ನೊಂದನ್ನು ಸಿಕ್ಕಿಸಿ, ಯಂತ್ರ ಆನ್ ಆಗುವುದನ್ನು ತೋರಿಸಿ, ಆಮೇಲೆ ಹೊಸದರ ರೇಟು ಹೇಳುತ್ತಾನೆ. ಕೆಟ್ಟದ್ದನ್ನು ಕೇಳದಿದ್ದರೂ ನನ್ನ ಮೇಜಿನ ಮೇಲಿಡುತ್ತಾನೆ. ‘ಇದು ನಿಮ್ದು ಕಣಕ್ಕ, ನೀವೇ ಮಡಿಕ್ಕಳಿ’ ಅನ್ನುತ್ತಾನೆ. ನಾನು ಅವನನ್ನು ನಂಬಿದ್ದು ಇದರಿಂದಲೇ. ಬದಲಾಯಿಸದೇ ಇರುವ ಪಾರ್ಟಿಗೆ ದುಡ್ಡು ಹಾಕುವುದು, ಒಳಗಿದ್ದ ದೊಡ್ಡ ರ‍್ಯಾಮ್ ತೆಗೆದು ಸಣ್ಣದು ಕೂರಿಸುವುದು ಈ ಕಸುಬಿನ ಹಳೆಯ ಮೋಸಗಳು. ಯಂತ್ರವನ್ನು ರಿಪೇರಿ ಅಂಗಡಿಯಲ್ಲಿ ಬಿಟ್ಟು ಬರಲೇಬೇಕಾದರೆ ರ‍್ಯಾಮ್, ಹಾರ್ಡ್ ಡಿಸ್ಕುಗಳ ಮೇಲಿನ ಚೀಟಿ, ಸೀರಿಯಲ್ ನಂಬರು ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಅವರೆದುರಿಗೇ ತೆಗೆಯಿರಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಡಿಸ್ಕಿನ ವಿಷಯದಲ್ಲಿ ನಾನು ಇನ್ನೂ ಬಿಗಿ. ನನ್ನ ಕಂಪ್ಯೂಟರಿನಲ್ಲಿ ಇರುವುದು ನನ್ನ ಲೆಕ್ಕ ಮಾತ್ರವಲ್ಲ, ಸುತ್ತಲ ಹಳ್ಳಿಯವರ ಆಧಾರ್, ಪಾಸ್‌ಬುಕ್, ಸಹಿಗಳ ಸ್ಕ್ಯಾನ್ ಪ್ರತಿಗಳೂ ಇರುತ್ತವೆ. ಅವರು ನನ್ನ ಮುಖ ನೋಡಿ ಕೊಟ್ಟ ಕಾಗದ ಅವು. ಆದ್ದರಿಂದ ಕೆಲಸ ಮುಗಿದ ಪ್ರತಿಗಳನ್ನು ಅಳಿಸುತ್ತೇನೆ, ಎಸ್‌ಎಂಪಿಎಸ್ ರಿಪೇರಿಗೆ ಯಂತ್ರ ಹೊರಗೆ ಹೋದರೆ ಡಿಸ್ಕನ್ನು ಬಿಚ್ಚಿಸಿ ಬೀರುವಿನಲ್ಲಿಡುತ್ತೇನೆ. ಫಾರ್ಮ್ಯಾಟ್ ಮಾಡಬೇಕು ಎಂದು ಯಾರಾದರೂ ಹೇಳಿದರೆ ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಲೇಬೇಕು.

ಫಾರ್ಮ್ಯಾಟ್ ಆದಮೇಲೆ ಕನ್ನಡದವರಿಗೆ ಮಾತ್ರ ಕಾದಿರುವ ಒಂದು ಗಾಬರಿಯಿದೆ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫೈಲು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಚಿಕ್ಕನಾಯಕನಹಳ್ಳಿಯ ಮೇಷ್ಟ್ರೊಬ್ಬರು ವರ್ಷಗಟ್ಟಲೆ ಟೈಪು ಮಾಡಿಟ್ಟ ಪಾಠದ ಟಿಪ್ಪಣಿಗಳು ಹೀಗಾದಾಗ, ‘ಡೇಟಾ ಕರಪ್ಟ್ ಆಗೈತೆ ಸಾರ್, ರಿಕವರಿ ಮಾಡಿಸ್ಬೇಕು’ ಎಂದು ಒಬ್ಬ ದೊಡ್ಡ ಮೊತ್ತ ಹೇಳಿದ್ದ. ಫೈಲಿಗೆ ಏನೂ ಆಗಿರಲಿಲ್ಲ. ಹಳೆಯ ನುಡಿಯಲ್ಲಿ ಅಕ್ಷರಗಳು ಇಂಗ್ಲಿಷ್ ಸಂಕೇತಗಳಲ್ಲೇ ಉಳಿಯುತ್ತವೆ, ಕನ್ನಡವಾಗಿ ತೋರಿಸುವುದು ಫಾಂಟಿನ ಕೆಲಸ. ಫಾರ್ಮ್ಯಾಟ್ ಮಾಡಿದಾಗ ಹೋಗಿದ್ದು ಆ ಫಾಂಟು ಮಾತ್ರ. ಕನ್ನಡ ಗಣಕ ಪರಿಷತ್ತು ರೂಪಿಸಿದ, ಉಚಿತವಾಗಿ ಸಿಗುವ ನುಡಿಯನ್ನು ಮತ್ತೆ ಹಾಕಿದೆವು, ಮೇಷ್ಟ್ರ ಪಾಠಗಳೆಲ್ಲ ಓದುವಂತಾದವು.

ಇನ್ನು ಮುಖವೇ ಕಾಣದ ರಿಪೇರಿಯವರು. ಪ್ರಿಂಟರ್ ಕೈಕೊಟ್ಟಾಗ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರು ಹುಡುಕಿದರೆ ನಕಲಿ ನಂಬರುಗಳೂ ಸಿಗುತ್ತವೆ. ನಂಬರನ್ನು ಡಬ್ಬದ ಮೇಲೆ ಅಥವಾ ಕಂಪನಿಯ ಸ್ವಂತ ತಾಣದಲ್ಲಿ ಮಾತ್ರ ನೋಡಿ. ‘ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಪರದೆ ತುಂಬ ಕೂಗಿಕೊಂಡರೆ ಅದು ಮೋಸವೇ. ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರು ಇರುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಬ್ರೌಸರನ್ನು ಮುಚ್ಚಿ, ಆಗದಿದ್ದರೆ ಯಂತ್ರವನ್ನೇ ಆಫ್ ಮಾಡಿ. ಗುರುತಿಲ್ಲದವನ ಮಾತು ಕೇಳಿ ಎನಿಡೆಸ್ಕ್ ಹಾಕಿಕೊಂಡರೆ ನಿಮ್ಮ ಪರದೆ, ಮೌಸು ಅವನ ಕೈಗೆ ಹೋದಂತೆ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ಸಾಧ್ಯವಾದರೆ ಆ ಹೊತ್ತಿನಲ್ಲೇ.

ರಿಪೇರಿಗೆ ಬಿಲ್ಲು ಕೇಳಲು ನಮ್ಮವರಿಗೆ ಸಂಕೋಚ. ಕೈಬರಹದ್ದಾದರೂ ಸರಿ, ಪಾರ್ಟಿನ ಹೆಸರು, ದರ, ಗ್ಯಾರಂಟಿ ಎಷ್ಟು ದಿನ ಎಂದು ಬರೆಸಿಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸೇವೆಗೆ ಬಿಲ್ಲು ಕೊಡದಿರುವುದನ್ನೂ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಸಲಹೆಗೆ ಗ್ರಾಹಕ ಸಹಾಯವಾಣಿ 1915 ಇದೆ. ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ.

ಇತ್ತೀಚೆಗೆ ಅಂಗಡಿಗೆ ಬರುವವರು ಇನ್ನೊಂದು ಕೇಳುತ್ತಾರೆ: ‘ವಿಂಡೋಸ್ 10 ನಿಂತೋಯ್ತಂತೆ, ಹೊಸಾದು ತಗೋಬೇಕಂತೆ?’ ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ಯಂತ್ರ ಓಡುತ್ತಲೇ ಇರುತ್ತದೆ, ಮೊದಲಿನಂತೆ ತಾನಾಗಿ ಭದ್ರತೆಯ ಅಪ್‌ಡೇಟ್‌ಗಳು ಬರುವುದಿಲ್ಲ ಅಷ್ಟೆ. ಬ್ಯಾಂಕಿನ ಕೆಲಸ ಮಾಡುವವರಿಗೆ ಅದು ಸಣ್ಣ ಮಾತಲ್ಲ. ಹಾಗೆಂದು ಇವತ್ತೇ ಸಾಲ ಮಾಡಿ ಹೊಸದು ಕೊಳ್ಳಬೇಕಾಗಿಲ್ಲ. ಈಗಿನ ಯಂತ್ರ ವಿಂಡೋಸ್ 11ಕ್ಕೆ ಹೊಂದುತ್ತದೆಯೇ ಎಂದು ಮೈಕ್ರೋಸಾಫ್ಟಿನದೇ ಪರೀಕ್ಷಾ ತಂತ್ರಾಂಶ ಪುಕ್ಕಟೆಯಾಗಿ ಹೇಳುತ್ತದೆ. ಅದನ್ನು ನಿಮ್ಮೆದುರಿಗೇ ಓಡಿಸಿ ತೋರಿಸಲು ಅಂಗಡಿಯವನಿಗೆ ಹೇಳಿ.