ಒಂದೇ ಮನೆ, ವರ್ಷವಿಡೀ ಪ್ರದರ್ಶನ

ಬಾವಿಯಿಂದ ಮನೆಯೊಳಕ್ಕೆ ಎಷ್ಟು ದೂರ? ಕೊಡಗಿನ ಯಾವುದಾದರೂ ಮನೆತನದ ಮೂಲಮನೆ, ಅಂದರೆ ಹಳೆಯ ಐನ್‌ಮನೆಯ ಅಂಗಳದಲ್ಲಿ ನಿಂತು ಕಣ್ಣಳತೆಯಲ್ಲೇ ನೋಡಿ. ಹೆಚ್ಚೆಂದರೆ ಒಂದು ನಿಮಿಷದ ನಡಿಗೆ. ಆದರೆ ಮದುವೆಯ ದಿನ ಹೊಸ ಮದುಮಗಳು ಗಂಗಾಪೂಜೆ ಮುಗಿಸಿ, ತಲೆಯ ಮೇಲೆ ನೀರಿನ ಕೊಡ ಹೊತ್ತು ಹೊರಟಳೋ, ಅದೇ ದಾರಿ ಗಂಟೆಗಟ್ಟಲೆ ಉದ್ದವಾಗಿಬಿಡುತ್ತದೆ! ಗಂಡಿನ ಕಡೆಯವರೆಲ್ಲ ವಾಲಗದ ತಾಳಕ್ಕೆ ಕುಣಿಯುತ್ತಾ ಅವಳಿಗೆ ಅಡ್ಡ ನಿಲ್ಲುತ್ತಾರೆ. ಅವರು ಅರ್ಧ ಅಡಿ ಬಿಟ್ಟುಕೊಟ್ಟರೆ ಇವಳು ಅರ್ಧ ಅಡಿ ಮುಂದೆ. ಕೊಡ ತಲೆಯ ಮೇಲೆಯೇ, ನೀರು ತುಳುಕಬಾರದು. ಕುಣಿಯುವವರಿಗೆ ದಣಿವಾಗುವ ತನಕ ಮನೆ ಹತ್ತಿರ ಬರುವುದೇ ಇಲ್ಲ.

ಯಾವ ಎಂಜಿನಿಯರು ಯಾವ ನೀಲನಕ್ಷೆಯಲ್ಲಿ ಈ ಉದ್ದವನ್ನು ಗುರುತು ಹಾಕಿಯಾನು? ಅಳತೆ ಟೇಪು ಹಿಡಿದು ಐನ್‌ಮನೆ ನೋಡಲು ಹೊರಡುವವರಿಗೆ ಸಿಗುವುದು ಮರ, ಮಣ್ಣು, ಹೆಂಚು ಮಾತ್ರ. ಮನೆಯ ಬದುಕನ್ನು ನೋಡಲು ಬೇಕಾದ್ದು ಪಂಚಾಂಗ. ಮಳೆಗಾಲದ ಕಕ್ಕಡದಲ್ಲಿ ನೋಡಿದ ಮನೆ ಆಯುಧಪೂಜೆಯ ಕೈಲ್‌ಪೊಳ್ದ್ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಅದು ಮತ್ತೂ ಬೇರೆ. ಒಂದು ತೊಲೆ ಕದಲಿರುವುದಿಲ್ಲ, ಒಂದು ಗೋಡೆ ಸರಿದಿರುವುದಿಲ್ಲ. ಆದರೂ ಈ ಜೀವಂತ ವಸ್ತುಸಂಗ್ರಹಾಲಯದ ಪ್ರದರ್ಶನ ಬದಲಾಗಿರುತ್ತದೆ!

ಮೈಸೂರಿನ ಕಡೆಯಿಂದ ಬರುವವರಿಗೆ ಈ ವಸ್ತುಸಂಗ್ರಹಾಲಯದ ಹೆಬ್ಬಾಗಿಲು ತಿತಿಮತಿ. ಹುಣಸೂರು ದಾಟಿ ಆನೆಚೌಕೂರು ಗೇಟು ಹೊಕ್ಕರೆ ಎರಡೂ ಕಡೆ ನಾಗರಹೊಳೆಯ ಕಾಡು. ಸಾಮಾನ್ಯವಾಗಿ ಎಲ್ಲರೂ ಇಲ್ಲಿ ಕಾರಿನ ಗಾಜಿಗೆ ಮೂಗು ಒತ್ತಿ ಆನೆ ಹುಡುಕುತ್ತಾರೆ. ನಾನು ಹೇಳುವುದು, ಆನೆಯ ಜೊತೆಗೆ ಆನೆಗಾಗಿ ಕಟ್ಟಿದ್ದನ್ನೂ ನೋಡಿ ಅಂತ. ತಿತಿಮತಿಗೆ ಮುಂಚೆ ಸಿಗುವ ಮತ್ತಿಗೋಡು ಆನೆ ಶಿಬಿರದ ಅಭಿಮನ್ಯು ನಾಡಿಗೆಲ್ಲ ಗೊತ್ತು. 2020ರಿಂದ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತವನು ಅವನು. ಆದರೆ ಸೆರೆಸಿಕ್ಕ ಕಾಡಾನೆಯನ್ನು ಪಳಗಿಸಲು ಕಟ್ಟುವ ಕ್ರಾಲ್ ಇದೆಯಲ್ಲ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಇಡೀ ಇಡೀ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ, ನಡುವೆ ಸಂದು ಬಿಟ್ಟು, ಒಳಗಿನ ಪ್ರಾಣಿ ಎಷ್ಟೇ ಗುದ್ದಿದರೂ ಬಿಚ್ಚಿಕೊಳ್ಳದಂತೆ ಬಿಗಿದ ಕೋಣೆ ಅದು. ಆನೆ ಹೊರಬರಬಾರದು, ಮಾವುತನ ಕೈ ಮಾತ್ರ ಕಬ್ಬು ಬೆಲ್ಲ ಹಿಡಿದು ಒಳಹೋಗಬೇಕು! ಆ ಸಂದಿನ ಅಗಲದಲ್ಲಿ ಎಷ್ಟು ತಲೆಮಾರಿನ ಅನುಭವ ಇದೆಯೋ. ಮಾವುತರಲ್ಲಿ ಬಹಳಷ್ಟು ಮಂದಿ ಜೇನು ಕುರುಬರು. ಅವರ ಸ್ವಂತ ಮನೆಗಳ ವಿಷಯಕ್ಕೆ ಮುಂದೆ ಬರುತ್ತೇನೆ.

ತಿತಿಮತಿ ದಾಟಿ ಗೋಣಿಕೊಪ್ಪದ ಕಡೆ ಹೊರಟರೆ ಕಾಡು ಕರಗಿ ಕಾಫಿ ತೋಟವಾಗುತ್ತದೆ. ತೋಟದ ನಡುವೆ ತಗ್ಗಿನಲ್ಲಿ ಹಸಿರು ಗದ್ದೆ, ಗದ್ದೆಯ ಅಂಚಿನ ಏರಿನಲ್ಲಿ ಎಲ್ಲೋ ಒಂದು ಐನ್‌ಮನೆ. ರಸ್ತೆಯಿಂದ ಕಾಣುವುದಿಲ್ಲ, ಕಾಣಬಾರದೆಂದೇ ಕಟ್ಟಿದ್ದು. ಅಲ್ಲಿಗೆ ಒಯ್ಯುವ ದಾರಿಯೇ ಮೊದಲ ಬೆರಗು. ಓಣಿ ನೆಲದೊಳಗೆ ಇಳಿದು ಸಾಗುತ್ತದೆ. ಎರಡು ಬದಿಗೂ ಮಣ್ಣಿನ ದಿಬ್ಬ, ಸೊಂಟದೆತ್ತರ, ಆಳೆತ್ತರ, ಕೆಲವು ಕಡೆ ಅದಕ್ಕೂ ಹೆಚ್ಚು. ನೇರ ಹೋಗುವುದೇ ಇಲ್ಲ, ಬಳುಕಿ ಬಳುಕಿ ತಿರುಗುತ್ತದೆ. ಶತ್ರು ಬಂದರೆ ಸಾಲಾಗಿ ಒಬ್ಬೊಬ್ಬನೇ ಬರಬೇಕು, ಮುಂದಿನ ತಿರುವಿನಲ್ಲಿ ಏನು ಕಾದಿದೆಯೋ ತಿಳಿಯಬಾರದು. ಊರೂರಿನ ಗಡಿಗೆ ತೋಡಿದ ಕಡಂಗಗಳೆಂಬ ಕಂದಕಗಳನ್ನು ಕಂಡವರಿಗೆ ಈ ಓಣಿಯ ಯೋಚನೆ ಥಟ್ಟನೆ ಹೊಳೆಯುತ್ತದೆ. ಯುದ್ಧಕ್ಕೆಂದು ಮಾಡಿದ ದಾರಿಯಲ್ಲಿ ಈಗ ಹೈಸ್ಕೂಲು ಹುಡುಗಿ ಸೈಕಲ್ ತಳ್ಳಿಕೊಂಡು ಹೋಗುತ್ತಾಳೆ!

ಓಣಿ ಮುಗಿದ ಕಡೆ ಮೆಟ್ಟಿಲು, ಮೇಲೆ ಪೂರ್ವಕ್ಕೆ ಮುಖ ಮಾಡಿ ಗದ್ದೆ ಕಾಯುತ್ತಾ ಕುಳಿತ ಮನೆ. ಮುಂದೆ ತೆರೆದ ಜಗಲಿ, ಕೈಯಾಲೆ. ಅಲ್ಲಿ ಕೆತ್ತನೆಯ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಹಾಸಿದ ಭಾರೀ ಹಲಗೆ ಐಮರ. ಒಂದೇ ಮರದಿಂದ ಕೊಯ್ದ ಹಲಗೆ! ತಲೆಮಾರುಗಳ ಹಿರಿಯರು ಕೂತು ಕೂತು ಅದರ ಮೈ ಕನ್ನಡಿಯಾಗಿದೆ. ಒಳಗೆ ನೆಲ್ಲಕ್ಕಿ ನಡುಬಾಡೆ, ತೂಗುದೀಪವಿರುವ ನಡುಮನೆ. ನೈರುತ್ಯ ಮೂಲೆಯಲ್ಲಿ ಕನ್ನಿಕೋಂಬರೆ, ತೀರಿಕೊಂಡ ಹಿರಿಯರ ಕೋಣೆ. ದೊಡ್ಡ ಮನೆಗಳಲ್ಲಿ ನಟ್ಟನಡುವೆ ಆಕಾಶಕ್ಕೆ ತೆರೆದ ನಡುಮಿತ್ತ, ಅದರ ನಾಲ್ಕು ಮೂಲೆಗೆ ನಾಲ್ಕು ಕಂಬ. ಮೈಸೂರು ಸೀಮೆಯವರು ಕಂಡ ಕೂಡಲೇ 'ಅರೆ, ನಮ್ಮ ತೊಟ್ಟಿಮನೆ!' ಎನ್ನುತ್ತಾರೆ, ಕೇರಳದವರು ನಾಲುಕೆಟ್ಟು ಎನ್ನುತ್ತಾರೆ. ಎರಡೂ ಕಡೆಯ ನೆಂಟಸ್ತಿಕೆ ಈ ಮನೆಗೆ ಒಪ್ಪುತ್ತದೆ. ಆದರೆ ಒಳಗೆ ನಡೆಯುವುದು ಪೂರಾ ಕೊಡಗಿನದೇ. ಈ ಮನೆ ಯಾರೊಬ್ಬರದೂ ಅಲ್ಲ, ಒಕ್ಕದ್ದು. ಒಬ್ಬ ಮೂಲಪುರುಷನಿಂದ ಬಂದ ಎಲ್ಲರದ್ದು. ಕಾರಣನೆಂದು ಕರೆಯುವ ಆ ಮೂಲಪುರುಷನಿಗೆ ಮನೆಯ ಬಳಿಯಲ್ಲೇ ಗುಡಿಯಂಥ ಕೈಮಡ. ಬೆಂಗಳೂರಿನಲ್ಲಿ ಕುಳಿತ ಕಂಪ್ಯೂಟರ್ ಹುಡುಗನಿಗೂ ಇಲ್ಲಿ ಪಾಲಿದೆ, ಕೆನಡಾದಲ್ಲಿರುವವನಿಗೂ ಇದೆ.

ಈಗ ಪ್ರದರ್ಶನಗಳಿಗೆ ಬನ್ನಿ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕಕ್ಕಡ. ಆಗ ಪ್ರದರ್ಶನಕ್ಕಿರುವುದು ಮಾಡು. ಭಾಗಮಂಡಲದ ಕಡೆ ಬೀಳುವಷ್ಟು ಮಳೆ ತಿತಿಮತಿಯ ಮಗ್ಗುಲಿಗಿಲ್ಲ, ಆದರೂ ಸೂರಂಚಿನಿಂದ ನೀರಿನ ಪರದೆ ಇಳಿಯುವುದನ್ನು ಐಮರದ ಮೇಲೆ ಕೂತು ನೋಡಬೇಕು. ಆ ಸೂರು ಯಾಕೆ ಅಷ್ಟು ಮುಂದಕ್ಕೆ ಚಾಚಿದೆ, ಕೈಯಾಲೆ ಯಾಕೆ ಅಷ್ಟು ಎತ್ತರದಲ್ಲಿದೆ, ಎಲ್ಲಕ್ಕೂ ಉತ್ತರ ಕಣ್ಣೆದುರೇ ಸುರಿಯುತ್ತಿರುತ್ತದೆ. ಹಿಂದೆ ಮಾಡಿಗೆ ಹುಲ್ಲು ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಕೆಂಪು ಘಟ್ಟ ಹತ್ತಿತು. ಕಕ್ಕಡದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ, ಗಾಢ ನೇರಳೆ ಬಣ್ಣದ್ದು. ಆ ದಿನಕ್ಕೆ ಸೊಪ್ಪಿನೊಳಗೆ ಹದಿನೆಂಟು ಬಗೆಯ ಔಷಧ ಗುಣ ಸೇರುತ್ತದೆಂದು ನಂಬಿಕೆ. ತಿಂದವರಿಗೆ ಮರುದಿನ ಮೂತ್ರವೂ ಕೆಂಪು! ಹೊಸ ಅತಿಥಿಗಳಿಗೆ ಯಾರೂ ಇದನ್ನು ಮುಂಚೆ ಹೇಳುವುದಿಲ್ಲ, ಅದೊಂದು ಮನೆಯವರ ಮೋಜು.

ಸೆಪ್ಟೆಂಬರ್ ಮೊದಲಲ್ಲಿ, ನಾಟಿ ಮುಗಿದ ಹೊತ್ತಿಗೆ, ಕೈಲ್‌ಪೊಳ್ದ್. ಈಗ ಬೆಳಕು ಬೀಳುವುದು ಒಳಮನೆಯ ಮೇಲೆ. ಒಡಿಕತ್ತಿ, ಪೀಚೆಕತ್ತಿ, ಕೋವಿ ಎಲ್ಲ ತೊಳೆದು ಒರೆಸಿ ಸಾಲಾಗಿ ಇಟ್ಟು, ಕೋವಿಗೆ ತೋಕ್‌ಪೂ ಸಿಕ್ಕಿಸುತ್ತಾರೆ. ಬೆಂಕಿಯ ನಾಲಗೆಯಂತೆ ಚಾಚಿದ ಹಳದಿ ಕೆಂಪು ದಳಗಳ ಹೂ. ಉಳಿದ ದಿನ ಕತ್ತಲಲ್ಲಿ ಸುಮ್ಮನಿದ್ದ ಗೋಡೆ ಇದ್ದಕ್ಕಿದ್ದಂತೆ ಒಕ್ಕದ ಚರಿತ್ರೆ ಓದತೊಡಗುತ್ತದೆ.

ಅಕ್ಟೋಬರಿನ ತುಲಾ ಸಂಕ್ರಮಣಕ್ಕೆ ಪ್ರದರ್ಶನ ಮನೆಯಿಂದ ಹೊರಗೆ ಹರಡುತ್ತದೆ. ತಲಕಾವೇರಿಯಲ್ಲಿ ತೀರ್ಥೋದ್ಭವವಾದರೆ ಇಲ್ಲಿ ಗದ್ದೆಗಳಲ್ಲಿ ಬಳ್ಳಿ ಸುತ್ತಿದ ಕೋಲುಗಳು ಏಳುತ್ತವೆ. ಒಳಗೆ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಒಡವೆ ತೊಡಿಸಿ, ಕಾವೇರಿಯೆಂದು ಕೂರಿಸಿ ಕಣಿಪೂಜೆ. ಇದನ್ನು ಓಡುವ ಕಣ್ಣಲ್ಲಿ ನೋಡಿದರೂ ಸಾಕು, ಯಾಕೆಂದರೆ ದೊಡ್ಡದು ಇನ್ನೂ ಬರಬೇಕು.

ದೊಡ್ಡದು ಪುತ್ತರಿ!

ನವೆಂಬರ್ ಅಥವಾ ಡಿಸೆಂಬರ್, ಹುಣ್ಣಿಮೆ, ರೋಹಿಣಿ ನಕ್ಷತ್ರ. ಮುಹೂರ್ತ ಗೊತ್ತು ಮಾಡುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ. ಮೊದಲು ದೇವರಿಗೆ ಕದಿರು, ಆಮೇಲೆ ನಾಡಿಗೆ. ಊರೂರಿಂದ ಬಂದ ಒಕ್ಕದವರೆಲ್ಲ ತೂಗುದೀಪದ ಕೆಳಗೆ ಸೇರಿ ಅರಳಿ, ಮಾವು ಮೊದಲಾದ ಐದು ಬಗೆಯ ಎಲೆಗಳನ್ನು ಮಡಿಸಿ ನಾರಿನಿಂದ ನೆರೆ ಕಟ್ಟುತ್ತಾರೆ. ದೀಪ ಹಿಡಿದು ಬೆಳದಿಂಗಳ ಗದ್ದೆಗೆ ಮೆರವಣಿಗೆ. ಕೋವಿಯ ಸದ್ದು. ಕುಡುಗೋಲು ತೆನೆಗೆ ತಾಕಿದ ಕ್ಷಣ ಎಲ್ಲರ ಗಂಟಲಿಂದ ಒಮ್ಮೆಗೇ 'ಪೊಲಿ ಪೊಲಿಯೇ ದೇವಾ!' ಒಂದು ಗದ್ದೆಯ ಕೂಗಿಗೆ ಮುಂದಿನ ಕಣಿವೆಯ ಕೂಗು ಉತ್ತರ ಕೊಡುತ್ತದೆ, ಅದಕ್ಕೆ ಇನ್ನೊಂದು, ಮೈ ಜುಮ್ಮೆನ್ನುತ್ತದೆ!

ಆದರೆ ಕಟ್ಟಡ ಪ್ರೇಮಿಗಳೇ, ದಯವಿಟ್ಟು ಗದ್ದೆಯಲ್ಲೇ ಉಳಿಯಬೇಡಿ. ಕದಿರು ಹೊತ್ತವರ ಹಿಂದೆ ಓಡಿ. ನಿಜವಾದ ಅಚ್ಚರಿ ಕಾದಿರುವುದು ಅವರು ಮನೆಗೆ ಮರಳಿದ ಮೇಲೆ. ನೆರೆಯ ಎಲೆ, ಹೊಸ ತೆನೆ ಎರಡನ್ನೂ ಸೇರಿಸಿ ಮೊದಲು ತೂಗುದೀಪಕ್ಕೆ ಕಟ್ಟುತ್ತಾರೆ. ಆಮೇಲೆ ಕಂಬಕ್ಕೆ, ಬಾಗಿಲ ಚೌಕಟ್ಟಿಗೆ, ಭತ್ತದ ಪತ್ತಾಯಕ್ಕೆ, ಬಾವಿಗೆ, ದನದ ಕೊಟ್ಟಿಗೆಗೆ. ಸುಮ್ಮನೆ ಆ ತೆನೆಗಳನ್ನೇ ಹಿಂಬಾಲಿಸಿ ನಡೆಯಿರಿ! ಮನೆಯ ಯಾವ ಭಾಗಕ್ಕೆ ಜೀವವಿದೆ, ಯಾವುದು ಭಾರ ಹೊರುತ್ತದೆ, ಯಾವುದು ಅನ್ನ ಕಾಯುತ್ತದೆ, ಎಲ್ಲವನ್ನೂ ಒಂದೊಂದು ತೆನೆ ಬೆರಳಿಟ್ಟು ತೋರಿಸುತ್ತದೆ. ಮ್ಯೂಸಿಯಮ್ಮುಗಳಲ್ಲಿ ವಸ್ತುವಿನ ಪಕ್ಕ ಅಂಟಿಸುವ ಚೀಟಿಗಳನ್ನು ಇಲ್ಲಿ ಭತ್ತದಲ್ಲಿ ಬರೆದು ಕಟ್ಟುತ್ತಾರೆ, ವರ್ಷಕ್ಕೊಮ್ಮೆ ಹೊಸದಾಗಿ! ಅಲಂಕಾರಕ್ಕೆಂದು ಇಟ್ಟ ಚೆಂದದ ಕೆತ್ತನೆಗೆ ಒಮ್ಮೊಮ್ಮೆ ಒಂದು ತೆನೆಯೂ ಸಿಗದೆ ಹೋಗುತ್ತದೆ. ನಾವು ಕ್ಯಾಮೆರಾ ಹಿಡಿದು ಮೊದಲು ಓಡುವುದು ಅದರ ಕಡೆಗೇ.

ಈ ಮನೆಗಳನ್ನು ಕಾಗದಕ್ಕೆ ಇಳಿಸಿದವರು ಇದ್ದಾರೆ. ಪಾದ್ರಿ ರಿಕ್ಟರ್ 1870ರ ತನ್ನ ಕೊಡಗು ಕೈಪಿಡಿಯಲ್ಲಿ ಬರೆದ. ನಡಿಕೇರಿಯಂಡ ಚಿಣ್ಣಪ್ಪನವರು ದುಡಿ ಬಡಿದು ನಾಲ್ವರು ಹಾಡುವ ಹಾಡುಗಳನ್ನು, ಆಚಾರಗಳನ್ನು ಸೇರಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಎಂ. ಎನ್. ಶ್ರೀನಿವಾಸರ 1952ರ ಪುಸ್ತಕ ಒಕ್ಕವನ್ನು ಜಗತ್ತಿನ ಸಮಾಜಶಾಸ್ತ್ರದ ತರಗತಿಗಳಿಗೆ ಒಯ್ದಿತು. ನಮ್ಮ ಕಾಲದಲ್ಲಿ ಬೊವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಜಿಲ್ಲೆಯುದ್ದಕ್ಕೂ ಐನ್‌ಮನೆಯಿಂದ ಐನ್‌ಮನೆಗೆ ಅಲೆದು ದಾಖಲಿಸಿದ್ದಾರೆ. ಅರಮನೆ ಬೇಕೆನ್ನುವವರಿಗೆ ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ. ಚೆನ್ನಾಗಿದೆ. ನನ್ನ ಮಟ್ಟಿಗೆ ಅದು ದೊರೆಯ ಹಟ ಹತ್ತಿದ ಐನ್‌ಮನೆ, ಅಷ್ಟೇ.

ಕರ್ನಾಟಕದಲ್ಲಿ ಕಟ್ಟಡಗಳದ್ದೇ ಮ್ಯೂಸಿಯಂ ಬೇಕೆಂದರೆ ಮಣಿಪಾಲಕ್ಕೆ ಹೋಗಬೇಕು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ವಿಜಯನಾಥ ಶೆಣೈ, ಕೆಡವಲು ಹೊರಟಿದ್ದ ಮನೆಗಳನ್ನು ಹುಡುಕಿ, ಕಂಬ ತೊಲೆಗಳನ್ನು ಬಿಚ್ಚಿ ಸಾಗಿಸಿ, ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲ್ ಮಹಲ್, ಭಟ್ಕಳದ ನವಾಯತರ ಮನೆ, ಮುಧೋಳದ ದರ್ಬಾರು ಒಂದೇ ಆವರಣದಲ್ಲಿ! ಒಬ್ಬ ಮನುಷ್ಯನ ಹುಚ್ಚಿನಿಂದ ಆದದ್ದೆಂದು ನಂಬುವುದೇ ಕಷ್ಟ. ಅವರಿಲ್ಲದಿದ್ದರೆ ಆ ಮನೆಗಳು ಸೌದೆಯಾಗುತ್ತಿದ್ದವು. ಆದರೆ ಅಲ್ಲಿನ ಪತ್ತಾಯಕ್ಕೆ ಭತ್ತ ಬರುವುದಿಲ್ಲ, ಜಗಲಿಯಲ್ಲಿ ಕೂತು ಆಸ್ತಿ ಜಗಳ ಆಡುವವರಿಲ್ಲ. ಇಲ್ಲಿ ಅದೂ ಉಂಟು. ಯಾರು ಹೆಂಚು ಬದಲಿಸಬೇಕು, ಯಾರು ದುಡ್ಡು ಕೊಡಬೇಕು ಎಂಬ ತಕರಾರಿನಲ್ಲೇ ಎಷ್ಟೋ ಐನ್‌ಮನೆಗಳ ಮಾಡು ಸೋರುತ್ತಿದೆ. ಮದುವೆಗಳು ಬಹುಪಾಲು ಕೊಡವ ಸಮಾಜದ ಸಭಾಂಗಣಗಳಿಗೆ ಹೋಗಿಬಿಟ್ಟಿವೆ. ಅದಕ್ಕೇ ಅಂಗಳದಲ್ಲಿ ಮದುವೆ ನಡೆಯುವ ಮನೆ ಸಿಕ್ಕರೆ, ಕರೆದರೆ, ಎಲ್ಲ ಬಿಟ್ಟು ಹೋಗಿ.

ಬೇಸಿಗೆಯಲ್ಲಿ ಒಕ್ಕಗಳು ಅಂಗಳ ಬಿಟ್ಟು, ಹಾಕಿ ಆಟದ ಮೈದಾನಕ್ಕೆ ಇಳಿಯುತ್ತವೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಬನಿಯನ್ನಿನ ಮೇಲೆ ಇರುವುದು ಮನೆತನದ ಹೆಸರೇ. ಗೋಲು ಹೊಡೆಯುವುದು ಮನೆ!

ಇನ್ನು ಆದಿವಾಸಿಗಳ ಹಾಡಿಗಳಿಗೆ. ತಿತಿಮತಿಯ ಸುತ್ತ ಜೇನು ಕುರುಬರು, ಬೆಟ್ಟ ಕುರುಬರು, ಯರವರ ಹಾಡಿಗಳಿವೆ. ಕೊಡಗಿನ ವಾಸ್ತುಶಿಲ್ಪ ಎನ್ನುವ ಚಂದದ ಪುಸ್ತಕಗಳಲ್ಲಿ ಇವರ ಮನೆ ಇರುವುದು ಅಪರೂಪ, ನನಗದು ದೊಡ್ಡ ಅನ್ಯಾಯವೆನಿಸುತ್ತದೆ. ಬಿದಿರು ಸೀಳಿ ಹೆಣೆದ ತಡಿಕೆ, ಅದಕ್ಕೆ ಮಣ್ಣಿನ ಮೆತ್ತಿಗೆ, ಮೇಲೆ ಕಾಡುಹುಲ್ಲು. ಮೊಳೆ ಇಲ್ಲ, ಸಿಮೆಂಟಿಲ್ಲ. ಹಳತಾದರೆ ಕಾಡಿಗೇ ವಾಪಸು, ಮತ್ತೆ ಹೊಸದು. ಕಂಬವನ್ನು ಮುನ್ನೂರು ವರ್ಷ ಕಾಯುವುದು ಒಂದು ವಿದ್ಯೆಯಾದರೆ, ಬೇಕೆಂದಾಗ ಮನೆಯನ್ನೇ ಮತ್ತೆ ಹುಟ್ಟಿಸುವುದು ಇನ್ನೊಂದು ವಿದ್ಯೆ. ಆ ಎರಡನೆಯದಕ್ಕೆ ಕಾಡು ಕೈಗೆ ಸಿಗಬೇಕು. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆ ಆದಿವಾಸಿಗಳ ನೂರಾರು ಗುಡಿಸಲುಗಳನ್ನು ಕೆಡವಿದಾಗ ಇಡೀ ರಾಜ್ಯ ತಿರುಗಿ ನೋಡಿತ್ತು.

ಆ ಹಾಡಿಗಳ ಜನ ಮೇ ತಿಂಗಳಲ್ಲಿ ಒಂದು ದಿನ ಎಲ್ಲರ ಮೇಲೂ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾರೆ! ತಿತಿಮತಿ ಪಕ್ಕದ ದೇವರಪುರದ ಕುಂಡೆ ಹಬ್ಬ. ಅಯ್ಯಪ್ಪ ತಮ್ಮನ್ನು ಕಾಡಿನಲ್ಲಿ ಬಿಟ್ಟು ಭದ್ರಕಾಳಿಯ ಹಿಂದೆ ಹೋಗಿಬಿಟ್ಟ ಎಂಬುದು ಅವರ ದೂರು. ಅದಕ್ಕೆ ದೇವರಿಗೇ ಬೈಗುಳ. ಗಂಡಸರು ಸೀರೆ ಉಟ್ಟು, ಬಣ್ಣ ಬಳಿದು, ಡಬ್ಬ, ಪ್ಲಾಸ್ಟಿಕ್ ಕ್ಯಾನು ಬಡಿಯುತ್ತಾ ರಸ್ತೆಗೆ ಇಳಿದರೆಂದರೆ ಬಸ್ಸು, ಜೀಪು, ಕಾರು, ಅಂಗಡಿ ಯಾವುದಕ್ಕೂ ಬಿಡುಗಡೆಯಿಲ್ಲ. ಸೂರಿಲ್ಲ, ಕಂಬವಿಲ್ಲ, ಟಾರು ರಸ್ತೆಯೇ ಅವರ ನಡುಮನೆ. ಕಾಫಿ ತೋಟದ ಮಾಲೀಕನಿಗೂ ಬೈಗುಳ, ಪೊಲೀಸಪ್ಪನಿಗೂ ಬೈಗುಳ, ಕಿಟಕಿ ಇಳಿಸಿ ಬೆರಗಾಗಿ ನೋಡುವ ಪ್ರವಾಸಿಗನಿಗೆ ಇನ್ನೂ ಜೋರಾದ ಬೈಗುಳ. ಬೈದು ಕೈ ಚಾಚುತ್ತಾರೆ. ಚಿಲ್ಲರೆ ಇಟ್ಟುಕೊಂಡು ಹೋಗಿ. ನೋಟು ಕೊಟ್ಟರೆ ಬಾಕಿ ಹಣ ಬರುವುದಿಲ್ಲ, ಬೈಗುಳ ಮಾತ್ರ ಇನ್ನೊಂದು ಬರುತ್ತದೆ!