ಹುನಾನಿನಾಕೆ, ಬೆಕ್ಕು ಮತ್ತು ಅಡಿಕೆ ಸಿಪ್ಪೆ

ಆ ಆ್ಯಪಿನಲ್ಲಿ ಯಾರು ಏನೇ ಬರೆಯಲಿ, ಬರೆದದ್ದರ ಪಕ್ಕದಲ್ಲಿ ಸಣ್ಣ ಬೂದು ಅಕ್ಷರದಲ್ಲಿ ಒಂದು ಜಾಗದ ಹೆಸರು ತಾನಾಗಿ ಬಂದು ಕೂರುತ್ತದೆ. ಚೀನಾದೊಳಗಿನವರಿಗೆ ಪ್ರಾಂತ್ಯದ ಹೆಸರು: ಸಿಚುವಾನ್, ಗುವಾಂಗ್‌ಡಾಂಗ್, ಹುನಾನ್. ಹೊರಗಿನವರಿಗೆ ದೇಶದ ಹೆಸರು. ಬೇಡವೆಂದರೆ ತೆಗೆಯಲು ಬರುವುದಿಲ್ಲ. ತಂಗಿಯ ಮಗಳು ಫೋನನ್ನು ನನ್ನ ಮುಖಕ್ಕೆ ಹಿಡಿದು, "ದೊಡ್ಡಮ್ಮ, ಇದನ್ನ ನಾನು ಹಾಕಿಲ್ಲ, ಅದಾಗೇ ಬಂದಿದೆ" ಎಂದಾಗ ಅವಳ ಹೆಸರಿನ ಹತ್ತಿರ ಚೀನೀ ಅಕ್ಷರಗಳಲ್ಲಿ 'ಅಮೆರಿಕ' ಎಂದಿತ್ತು.

2025ರ ಜನವರಿ. ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ತಂಗಿಯ ಮನೆಯಲ್ಲಿದ್ದೆ. ಚೀನಾದ ಮಾಲೀಕರು ಜನವರಿ 19ರೊಳಗೆ ಟಿಕ್‌ಟಾಕನ್ನು ಮಾರದಿದ್ದರೆ ಅಮೆರಿಕದಲ್ಲಿ ಅದು ಬಂದ್ ಎಂಬ ಕಾನೂನು ಹಿಂದಿನ ವರ್ಷವೇ ಆಗಿತ್ತು. ಗಡುವು ಹತ್ತಿರ ಬಂದಂತೆ ಹುಡುಗ ಹುಡುಗಿಯರಿಗೆ ಸಿಟ್ಟು ನೆತ್ತಿಗೇರಿತು. ನಮ್ಮ ಮಾಹಿತಿ ಚೀನಾಕ್ಕೆ ಹೋಗುತ್ತದೆಂದು ತಾನೇ ನಿಮ್ಮ ಭಯ, ತಗೊಳ್ಳಿ, ನಾವೇ ಕೊಂಡೊಯ್ದು ಕೊಡುತ್ತೇವೆ ಎಂಬ ಹಠದಲ್ಲಿ ಅಪ್ಪಟ ಚೀನೀ ಆ್ಯಪೊಂದಕ್ಕೆ ನುಗ್ಗಿದರು. ಷಿಯಾವ್‌ಹೊಂಗ್‌ಷು ಎಂದು ಅದರ ಹೆಸರು. ಅಮೆರಿಕದವರ ಬಾಯಲ್ಲಿ ಅದು ರೆಡ್‌ನೋಟ್ ಆಯಿತು. 2013ರಲ್ಲಿ ಶಾಂಘೈನಲ್ಲಿ ಶುರುವಾದ ಕಂಪನಿ. ಶಾಪಿಂಗ್, ಮೇಕಪ್, ಪ್ರವಾಸ, ಅಡುಗೆ ಇವೇ ಅದರ ಬಂಡವಾಳ. ಎರಡೇ ದಿನದಲ್ಲಿ ಏಳು ಲಕ್ಷ ಹೊಸಬರು ಸೇರಿದರೆಂದು ಸುದ್ದಿಯಾಯಿತು. ನಮ್ಮ ಹುಡುಗಿಯೂ ಆ ಗುಂಪಿನಲ್ಲಿ ಒಬ್ಬಳು.

ಒಳಗಿದ್ದವರು ಬಂದವರನ್ನು ಬೈಯಲಿಲ್ಲ. 'ನಿರಾಶ್ರಿತರೇ ಬನ್ನಿ, ಬೆಕ್ಕಿನ ತೆರಿಗೆ ಕಟ್ಟಿ ಒಳಗೆ ಹೋಗಿ' ಎಂದರು. ನಿಮ್ಮ ಬೆಕ್ಕಿನ ಫೋಟೊ ಹಾಕಿದರೆ ತೆರಿಗೆ ಸಂದಾಯ. 'ನಾನು ನಿನ್ನ ಚೀನೀ ಗೂಢಚಾರ, ಇಷ್ಟು ದಿನ ಎಲ್ಲಿದ್ದೆ?' ಎಂದು ಕೆಲವರು ಅಮೆರಿಕದ ಸಂಸದರನ್ನೇ ಅಣಕಿಸಿದರು. ಹೈಸ್ಕೂಲು ಮಕ್ಕಳು ತಮ್ಮ ಇಂಗ್ಲಿಷ್ ಹೋಂವರ್ಕ್ ತಂದು ಅಮೆರಿಕದವರ ಮುಂದೆ ಹರವಿದರು. ಪತ್ರಿಕೆಗಳು ಇದನ್ನೆಲ್ಲ ಎರಡು ದೇಶಗಳ ಜನ ಗಡಿ ಮರೆತು ಅಪ್ಪಿಕೊಂಡಂತೆ ಬರೆದವು. ನನಗೆ ಅಷ್ಟು ನಂಬಿಕೆ ಹುಟ್ಟಲಿಲ್ಲ. ಆದರೂ ಮಗುವಿನ ಪಕ್ಕ ಕುಳಿತವಳು ಏಳಲಿಲ್ಲ.

ತಂಗಿಯ ಮನೆಯಲ್ಲಿ ಬೆಕ್ಕಿಲ್ಲ. ನನ್ನ ಫೋನಿನಲ್ಲಿ ಶಿರಸಿಯ ನಮ್ಮ ಮನೆಯ ಬೆಕ್ಕಿನ ಫೋಟೊ ಇತ್ತು. ಅದು ಅಂಗಳದಲ್ಲಿ ಚಾಲಿಗೆಂದು ಒಣಹಾಕಿದ್ದ ಹಣ್ಣಡಿಕೆಯ ಮೇಲೆಯೇ ಕಾಲು ಚಾಚಿ ಮಲಗಿತ್ತು. ಅದನ್ನೇ ಕಟ್ಟಿದೆವು. ಒಂದಷ್ಟು ಜನ ಬೆಕ್ಕನ್ನು ಮುದ್ದಿಸಿದರು. ಆಮೇಲೆ ಒಬ್ಬಾಕೆ ಬರೆದಳು: "ಬೆಕ್ಕು ಇರಲಿ, ಅದು ಮಲಗಿರುವುದು ಅಡಿಕೆಯ ಮೇಲಲ್ಲವೇ?" ಆಕೆಯ ಹೆಸರಿನ ಪಕ್ಕ 'ಹುನಾನ್' ಎಂದಿತ್ತು.

ಹುನಾನ್ ಎಂದರೆ ಮಾವೋ ಹುಟ್ಟಿದ ಪ್ರಾಂತ್ಯ ಎಂದಷ್ಟೇ ನನಗೆ ಗೊತ್ತಿತ್ತು. ಹೆಚ್ಚುಕಡಿಮೆ ಕರ್ನಾಟಕದಷ್ಟೇ ಜನ ಅಲ್ಲಿದ್ದಾರೆ. ಮಾವೋನ ಹುಟ್ಟೂರು ಸೇರುವ ಷಿಯಾಂಗ್‌ತಾನ್ ಎಂಬ ನಗರ ಚೀನಾಕ್ಕೆಲ್ಲ ಅಡಿಕೆ ಅಗಿಯುವುದಕ್ಕೆ ಹೆಸರುವಾಸಿ ಎಂಬುದನ್ನು ಆಕೆಯೇ ಹೇಳಬೇಕಾಯಿತು. ಅಡಿಕೆ ಅಲ್ಲಿ ಬೆಳೆಯುವುದಿಲ್ಲ, ದಕ್ಷಿಣದ ಹೈನಾನ್ ದ್ವೀಪದಿಂದ ಬರುತ್ತದೆ. ಎಳೆಯ ಕಾಯಿಯನ್ನು ಒಣಗಿಸಿ, ಹೊಗೆ ಹಿಡಿಸಿ, ಸೀಳಿ, ತಿರುಳನ್ನು ತೆಗೆದುಬಿಡುತ್ತಾರೆ. ಉಳಿದ ಟೊಳ್ಳಿಗೆ ಸಿಹಿ ಪಾಕ ಹಾಕಿ ಸಿಪ್ಪೆಯನ್ನು ಅಗಿಯುತ್ತಾರೆ. ಸಿಪ್ಪೆಯನ್ನು! ನಾವು ತಲೆಮಾರುಗಳಿಂದ ಬಚ್ಚಲೊಲೆಗೆ ತುರುಕುವ ಅದೇ ಸಿಪ್ಪೆಯನ್ನು. ನಾನು ಹಾಗೆಂದು ಬರೆದಾಗ ಆಕೆ ನಂಬಲಿಲ್ಲ. "ತಿರುಳು ತಿಂದರೆ ತಲೆ ತಿರುಗುವುದಿಲ್ಲವೇ?" ಎಂದಳು. ಹೊಸಬರಿಗೆ ತಿರುಗುತ್ತದೆ ಎಂದೆ. ಎಲೆ, ಸುಣ್ಣ, ಕವಳ, ಮದುವೆಮನೆಯ ಹರಿವಾಣ ಎಲ್ಲವನ್ನೂ ವಿವರಿಸಿದೆ. ಅಡಿಕೆಯ ಜಾಹೀರಾತನ್ನು ಟಿವಿ, ರೇಡಿಯೊ, ಇಂಟರ್‌ನೆಟ್ಟಿನಲ್ಲಿ ತೋರಿಸಬಾರದೆಂದು ತಮ್ಮ ಸರ್ಕಾರ 2021ರಲ್ಲಿ ಆದೇಶ ಹೊರಡಿಸಿದ್ದನ್ನು ಆಕೆ ಹೇಳಿದಳು. ಬಾಯಿ ಕ್ಯಾನ್ಸರಿನ ಭಯ. ಆಕೆಯ ಮಾವ ಮಾತ್ರ ಬಿಟ್ಟಿಲ್ಲವಂತೆ. ನಮ್ಮಲ್ಲೂ ಅಷ್ಟೇ ಎಂದೆ. ಅಡಿಕೆಗೆ ಕ್ಯಾನ್ಸರಿನ ಹೆಸರು ಹೇಳಿದರೆ ನಮ್ಮೂರಿನ ಬೆಳೆಗಾರರು ಸಿಟ್ಟಿಗೆದ್ದು ಎಂಥೆಂಥ ಸಭೆ ನಡೆಸುತ್ತಾರೆ ಎಂಬುದನ್ನು ಓದುಗರಿಗೆ ಹೇಳಬೇಕಿಲ್ಲ.

ಮೊದಮೊದಲು ಈ ಮಾತೆಲ್ಲ ಕಾಪಿ, ಪೇಸ್ಟ್, ಅನುವಾದ ಎಂದು ಕುಂಟುತ್ತ ಸಾಗಿತ್ತು. ಅದೇ ವಾರದ ಕೊನೆಗೆ ಕಂಪನಿ ಆ್ಯಪಿನೊಳಗೇ ಅನುವಾದದ ಬಟನ್ ಇಟ್ಟಿತು.

ಒಂದು ಸಂಜೆ, ಬೆಕ್ಕಿನ ಫೋಟೊದ ಕೆಳಗೆ ಯಾರೋ ಅಮೆರಿಕದ ಹುಡುಗ ಸುಮ್ಮನೆ '1989' ಎಂಬ ನಾಲ್ಕು ಅಂಕಿ ಒತ್ತಿ ಹೋದ. ಮುಂದೆ ಹಿಂದೆ ಏನೂ ಇಲ್ಲ. ಏನಾಗುತ್ತದೆ ನೋಡೋಣ ಎಂಬ ಚೇಷ್ಟೆ. ಊಟ ಮುಗಿಸಿ ಬಂದು ನೋಡಿದರೆ ಅಂಕಿ ಇರಲಿಲ್ಲ. ಅಲ್ಲಿ ಮಾತಾಡುತ್ತಿದ್ದ ಚೀನೀಯರಲ್ಲಿ ಯಾರೂ ಅದರ ಸುದ್ದಿ ಎತ್ತಲಿಲ್ಲ, ಬೆಕ್ಕಿನ ಮಾತೇ ಮುಂದುವರಿದಿತ್ತು. ಹುನಾನಿನಾಕೆ ನಮಗೆ ಪ್ರತ್ಯೇಕವಾಗಿ ಒಂದು ಮೆಸೇಜ್ ಕಳಿಸಿದ್ದಳು. "ಆ ಹುಡುಗನ ಖಾತೆ ಹೋದರೆ ಅವನು ಬೇರೆ ಹೆಸರಲ್ಲಿ ಬರುತ್ತಾನೆ. ನನ್ನದು ಹೋದರೆ ನನ್ನ ಫೋನ್ ನಂಬರೂ ಜೊತೆಗೆ ಹೋಗುತ್ತದೆ. ನಿಮ್ಮ ಮಗುವಿಗೆ ಹೇಳಿ."

ಬೆದರಿದ ದನಿ ಅದರಲ್ಲಿರಲಿಲ್ಲ. ರಸ್ತೆ ದಾಟುವಾಗ ಆಚೀಚೆ ನೋಡು ಎನ್ನುವವರ ದನಿ ಇತ್ತು. ಕಣ್ಗಾವಲಿನ ಕೆಳಗೆ ಬದುಕುವವರ ಬಗ್ಗೆ ಓದಿ ಓದಿ ನಾನು ಬೇರೆ ಏನನ್ನೋ ನಿರೀಕ್ಷಿಸಿದ್ದೆ: ಪಿಸುಮಾತು, ಸಂಕೇತ, ಕಣ್ಣೀರು. ಆಕೆಗೆ ಅದು ಲೆಕ್ಕದ ವಿಷಯ. ಚೀನಾದಲ್ಲಿ ಫೋನ್ ನಂಬರು ಗುರುತಿನ ಚೀಟಿಗೆ ಅಂಟಿಕೊಂಡಿರುತ್ತದೆ. ಆನ್‌ಲೈನಿನಲ್ಲಿ ಮಾತಾಡುವವರ ನಿಜ ಹೆಸರು ಕಂಪನಿಯ ಬಳಿ ಇರಲೇಬೇಕೆಂದು 2017ರ ಸೈಬರ್ ಭದ್ರತಾ ಕಾಯ್ದೆ ಹೇಳುತ್ತದೆ. 2019ರ ಡಿಸೆಂಬರಿನಿಂದ ಹೊಸ ಸಿಮ್ ಕೊಳ್ಳಲು ಮುಖ ಸ್ಕ್ಯಾನ್ ಮಾಡಿಸಬೇಕು. ಆ ಬೂದು ಅಕ್ಷರದ ಜಾಗದ ಹೆಸರು ಎಲ್ಲ ದೊಡ್ಡ ತಾಣಗಳಿಗೂ ಬಂದದ್ದು 2022ರಲ್ಲಿ. ವದಂತಿ ಹಬ್ಬಿಸುವವರನ್ನು ತಡೆಯಲು ಎಂಬುದು ಅದಕ್ಕೆ ಕೊಟ್ಟ ಕಾರಣ. ದಿನಾ ದೇಶಭಕ್ತಿಯ ಪಾಠ ಹೇಳುತ್ತಿದ್ದ ಕೆಲವರು ವಿದೇಶದಲ್ಲಿ ಕುಳಿತಿದ್ದುದು ಅದರಿಂದ ಬಯಲಾಯಿತು, ಅದೊಂದು ತಮಾಷೆ.

ಇನ್ನು ಆ 1989. ತಿಯಾನನ್‌ಮೆನ್ ಚೌಕ, ಜೂನ್ 4, ವಿದ್ಯಾರ್ಥಿ ಚಳವಳಿಯನ್ನು ಹೊಸಕಿದ ಟ್ಯಾಂಕುಗಳು. ಕತೆ ಗೊತ್ತಿರುವುದೇ. ನನ್ನನ್ನು ಕಾಡುವುದು ಅದರ ಬಾಲಂಗೋಚಿಯೊಂದು. ಇದೇ ಷಿಯಾವ್‌ಹೊಂಗ್‌ಷು ಕಂಪನಿಗೆ ವೈಬೊ ಎಂಬ ಇನ್ನೊಂದು ಚೀನೀ ತಾಣದಲ್ಲಿ ಅಧಿಕೃತ ಖಾತೆ ಇತ್ತು. 2021ರ ಜೂನ್ 4 ಶುಕ್ರವಾರ. ವಾರಾಂತ್ಯದ ಖುಷಿಗೆಂದು ಅಲ್ಲಿ ಯಾರೋ ಬರೆದರು: ಇವತ್ತು ಯಾವ ತಾರೀಕು, ಗಟ್ಟಿಯಾಗಿ ಹೇಳಿ! ಅಷ್ಟೇ. ಖಾತೆಗೆ ಬೀಗ ಬಿತ್ತು. ಬರೆದದ್ದು ಕಿಡಿಗೇಡಿಯೋ, ಏನೂ ಅರಿಯದ ಹೊಸ ನೌಕರನೋ? ಎರಡನೆಯದೇ ಇರಬೇಕೆಂದು ನನ್ನ ಅನುಮಾನ. ತಾರೀಕೇ ಗೊತ್ತಿಲ್ಲದಂತೆ ಬೆಳೆಸಿದ ಮಕ್ಕಳು ಆ ತಾರೀಕನ್ನು ತಪ್ಪಿಸಿ ನಡೆಯುವುದಾದರೂ ಹೇಗೆ?

ಮರುವರ್ಷ ಇನ್ನೂ ಚೆಂದದ್ದೊಂದು ನಡೆಯಿತು. ಲಿ ಜಿಯಾಚಿ ಎಂಬಾತ ಲೈವ್‌ನಲ್ಲಿ ಲಿಪ್‌ಸ್ಟಿಕ್ ಮಾರಿ ಹೆಸರು ಮಾಡಿದವನು, ಕೋಟಿಗಟ್ಟಲೆ ಅಭಿಮಾನಿಗಳ ಒಡೆಯ. 2022ರ ಜೂನ್ 3ರ ರಾತ್ರಿ ಒಂದು ಐಸ್‌ಕ್ರೀಂ ಕೇಕ್ ತಂದಿಟ್ಟ. ಎರಡೂ ಬದಿಗೆ ಚಕ್ರದಂತೆ ಬಿಸ್ಕತ್ತು, ಮೇಲೆ ಕೊಳವೆಯಂಥ ಒಂದು ವೇಫರ್. ನೋಡಿದರೆ ಟ್ಯಾಂಕಿನ ಹಾಗೇ ಇತ್ತು. ಲೈವ್ ಅಲ್ಲೇ ನಿಂತಿತು. ತಾಂತ್ರಿಕ ದೋಷ ಎಂದರು. ಆತ ಮತ್ತೆ ಕಾಣಿಸಿಕೊಂಡದ್ದು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ, ಒಂದು ಕೇಕಿಗೆ ಇಷ್ಟೆಲ್ಲ ಏಕೆ ಎಂದು ಹುಡುಕಲು ಹೋದ ಅಭಿಮಾನಿ ಹುಡುಗಿಯರು ಮೂವತ್ತಮೂರು ವರ್ಷ ಹಿಂದಿನ ಆ ರಾತ್ರಿಯ ಬಾಗಿಲಿಗೇ ಹೋಗಿ ನಿಂತಿದ್ದರು.

ಮರೆಸಬೇಕಾದದ್ದನ್ನು ಯಾರಾದರೂ ನೆನಪಿಟ್ಟುಕೊಂಡೇ ಇರಬೇಕಲ್ಲ! ಆ ಕೆಲಸಕ್ಕೂ ಸಂಬಳವಿದೆ. ಚೀನಾದ ಗುತ್ತಿಗೆ ಸೆನ್ಸಾರ್ ಕಂಪನಿಗಳ ಬಗ್ಗೆ 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದಿತ್ತು. ಕಾಲೇಜು ಮುಗಿಸಿ ಬಂದ ಹುಡುಗರಿಗೆ ಜೂನ್ 4 ಎಂದರೇನು, ಭಿನ್ನಮತೀಯ ಲೇಖಕ ಲಿಯು ಷಿಯಾಬೊ ಯಾರು ಎಂಬುದು ತಿಳಿದಿರುವುದಿಲ್ಲ. ಅಳಿಸುವ ಕೆಲಸಕ್ಕೆ ಕೂರಿಸುವ ಮೊದಲು ಅವರಿಗೆ ಅದನ್ನೆಲ್ಲ ಪಾಠ ಮಾಡಬೇಕು. ನಿಷಿದ್ಧ ಇತಿಹಾಸವನ್ನು ಆ ದೇಶದಲ್ಲಿ ಕ್ರಮವಾಗಿ ಕಲಿಸುವ ತರಗತಿ ಇದ್ದರೆ ಇದೊಂದೇ ಇರಬೇಕು. ಹುನಾನಿನಾಕೆಯೊಡನೆ ನಾವು ಆಡಿದ ಮಾತನ್ನೂ ಅಂಥ ಒಬ್ಬ ಪದವೀಧರ ಎಲ್ಲೋ ಕುಳಿತು ಓದಿರಬಹುದು. ಅಡಿಕೆ ಸಿಪ್ಪೆಯ ವರ್ಣನೆ ಓದಿ ಅವನೇನು ಅಂದುಕೊಂಡನೋ. ಷಿಯಾವ್‌ಹೊಂಗ್‌ಷುವಿನದ್ದೇ ಒಳಕಡತಗಳು 2022ರಲ್ಲಿ ಸೋರಿದಾಗ, ಷಿ ಜಿನ್‌ಪಿಂಗ್ ಅವರಿಗೆ ಜನ ಇಟ್ಟ ಅಡ್ಡಹೆಸರುಗಳ ಪಟ್ಟಿಯೊಂದು ಸಿಕ್ಕಿತ್ತು. ಎರಡು ತಿಂಗಳಲ್ಲಿ ಕಲೆಹಾಕಿದ್ದು ಐನೂರಕ್ಕೂ ಹೆಚ್ಚು. ಈ ಪಟ್ಟಿ ಮಾಡಿದವನಿಗಿಂತ ಜನರ ಹಾಸ್ಯಪ್ರಜ್ಞೆಯನ್ನು ಬಲ್ಲವನು ಬೇರೆ ಯಾರಿದ್ದಾನು?

ಚೀನಾ ತನ್ನ ಇಂಟರ್‌ನೆಟ್ಟಿನ ಸುತ್ತ ಕಟ್ಟಿಕೊಂಡ ಈ ಸೆನ್ಸಾರ್ ಗೋಡೆಯ ಪುರಾಣ ದೊಡ್ಡದು, ಮೂರು ಸಂಗತಿ ಸಾಕು. 1987ರ ಸೆಪ್ಟೆಂಬರಿನಲ್ಲಿ ಬೀಜಿಂಗಿನಿಂದ ಜರ್ಮನಿಯ ಕಾರ್ಲ್ಸ್‌ರೂಹೆಗೆ ಹೋದ ಚೀನಾದ ಮೊದಲ ಇ-ಮೇಲಿನಲ್ಲಿ ಇದ್ದ ಮಾತೇ ಮಹಾಗೋಡೆಯನ್ನು ದಾಟಿ ಜಗತ್ತಿನ ಮೂಲೆಮೂಲೆಗೂ ತಲುಪಬಲ್ಲೆವು ಎಂದು. ಫೇಸ್‌ಬುಕ್, ಟ್ವಿಟರ್ ಅಲ್ಲಿ ಮುಚ್ಚಿದ್ದು 2009ರಲ್ಲಿ. ಹೊಸ ಗೋಡೆಯ ಪಿತಾಮಹ ಎನಿಸಿಕೊಂಡ ಫಾಂಗ್ ಬಿನ್‌ಷಿಂಗ್ 2016ರಲ್ಲಿ ಹಾರ್ಬಿನ್‌ನಲ್ಲಿ ಉಪನ್ಯಾಸ ಕೊಡುತ್ತ ದಕ್ಷಿಣ ಕೊರಿಯಾದ ಒಂದು ಪುಟ ತೋರಿಸಲು ಹೊರಟರೆ ಅದು ತೆರೆಯಲಿಲ್ಲ. ಸಭೆಯ ಎದುರೇ ಗೋಡೆ ದಾಟಿಸುವ ವಿಪಿಎನ್ ಹಾಕಿಕೊಳ್ಳಬೇಕಾಯಿತು.

"ನೀವು ಭಾರತದವರು ಎನ್ನುತ್ತೀರಿ, ಇಲ್ಲಿ ಅಮೆರಿಕ ಎಂದಿದೆ" ಎಂದು ಆಕೆ ಒಮ್ಮೆ ಕೇಳಿದಳು. ತಂಗಿಯ ಮನೆ ಎಂದೆ. "ಹಾಗಾದರೆ ನಿಮ್ಮ ದೇಶದಲ್ಲೂ ಟಿಕ್‌ಟಾಕ್ ಬಿಡುವುದಿಲ್ಲವೇ?" ಬಿಡುವುದಿಲ್ಲ, 2020ರ ಜೂನ್ 29ರಂದು ಟಿಕ್‌ಟಾಕ್, ವಿಚಾಟ್ ಸೇರಿ 59 ಚೀನೀ ಆ್ಯಪುಗಳನ್ನು ಒಂದೇ ಏಟಿಗೆ ನಿಲ್ಲಿಸಿದರು ಎಂದೆ. ಗಲ್ವಾನಿನ ಗಡಿ ಘರ್ಷಣೆಯ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಯಾವ ಸೆನ್ಸಾರಿನವನೂ ನನ್ನ ಕೈ ಹಿಡಿದಿರಲಿಲ್ಲ. ಕಾಶ್ಮೀರದಲ್ಲಿ 2019ರ ಆಗಸ್ಟಿನಲ್ಲಿ ನಿಂತ 4ಜಿ ಮರಳಿದ್ದು 2021ರ ಫೆಬ್ರುವರಿಯಲ್ಲಿ ಎಂಬುದನ್ನೂ ನಾನು ಆಕೆಗೆ ಹೇಳಲಿಲ್ಲ. ಆಮೇಲೆ, 2025ರ ಸೆಪ್ಟೆಂಬರಿನಲ್ಲಿ, ಪೋಸ್ಟುಗಳನ್ನು ತೆಗೆಸುವ ಕೇಂದ್ರ ಸರ್ಕಾರದ 'ಸಹಯೋಗ್' ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು ನಮ್ಮ ಕರ್ನಾಟಕ ಹೈಕೋರ್ಟೇ ವಜಾ ಮಾಡಿತು. ಚೀನಾಕ್ಕೂ ನಮಗೂ ಅಜಗಜಾಂತರ, ನಿಜ. ನಮ್ಮಲ್ಲಿ ಕಂಪನಿಯೊಂದು ಕೋರ್ಟಿಗೆ ಹೋಗಿ ಸೋಲಬಹುದು, ಅಲ್ಲಿ ಹೋಗುವುದೇ ಇಲ್ಲ. ಆದರೆ ನಮ್ಮದು ಪೂರ್ತಿ ತೆರೆದ ಬಾಗಿಲು ಎಂದು ಆಕೆಯ ಮುಂದೆ ಎದೆಯುಬ್ಬಿಸುವ ಧೈರ್ಯ ನನಗಿರಲಿಲ್ಲ.

ಗಡುವಿನ ದಿನ ಟಿಕ್‌ಟಾಕ್ ಕೆಲವು ಗಂಟೆ ಮಲಗಿ ಮತ್ತೆ ಎದ್ದಿತು. ನಿರಾಶ್ರಿತರಲ್ಲಿ ಬಹುಪಾಲು ಮನೆಗೆ ಹೊರಟರು. ನಮ್ಮ ಹುಡುಗಿಯೂ ಬೇಸರವಾಗಿ ಬಿಟ್ಟಳು. ನಾನು ಮಾತ್ರ ಊರಿಗೆ ಹೊರಡುವವರೆಗೆ ಅವಳ ಫೋನು ಇಸಿದುಕೊಂಡು ಹುನಾನಿನಾಕೆಗೆ ಬರೆಯುತ್ತಿದ್ದೆ. ನಿಮ್ಮ ಲಿಪಿ ಹೇಗಿದೆ, ಅದರಲ್ಲಿ ಅಡಿಕೆಯ ಬಗ್ಗೆ ಏನಾದರೂ ಇದ್ದರೆ ಕಳಿಸಿ ಎಂದು ಆಕೆ ಕೇಳಿದಾಗ ಥಟ್ಟನೆ ಹೊಳೆದದ್ದು ಕನ್ನಡ ವಿಕಿಪೀಡಿಯ. ಅದರ ಕೊಂಡಿ ಕಳಿಸಿದೆ. ತೆರೆಯುವುದಿಲ್ಲ ಎಂದಳು. ಬೀಜಿಂಗ್ 2019ರ ಏಪ್ರಿಲಿನಿಂದ ವಿಕಿಪೀಡಿಯದ ಎಲ್ಲ ಭಾಷೆಗಳನ್ನೂ ಮುಚ್ಚಿದೆ, ಕನ್ನಡವೂ ಅದರಲ್ಲಿ ಸೇರಿದೆ. ಅಡಿಕೆಯ ಪುಟದಿಂದ ಯಾರಿಗೆ ಏನು ಅಪಾಯವೋ. ಕೊನೆಗೆ ಒಂದೊಂದೇ ಪ್ಯಾರಾ ಕಾಪಿ ಮಾಡಿ ಮೆಸೇಜಿನಲ್ಲಿ ಅಂಟಿಸುತ್ತ ಹೋದೆ. ಲಿಪಿ ದುಂಡಗಿದೆ, ಚೆನ್ನಾಗಿದೆ ಎಂದಳು. ಅನುವಾದದ ಬಟನ್ ಒತ್ತಿಕೊಂಡು ಎಲ್ಲವನ್ನೂ ಓದಿದಳು. ಆಮೇಲೆ ಒಂದು ಪ್ರಶ್ನೆ ಕಳಿಸಿದಳು: ಚಾಲಿಯನ್ನು ನಿಮ್ಮಲ್ಲಿ ಕ್ವಿಂಟಲ್‌ಗಟ್ಟಲೆ ಮಾರುವಾಗ, ಆ ಸಿಪ್ಪೆಯನ್ನೂ ಒಲೆಗೆ ಹಾಕದೆ ನಮ್ಮವರಿಗೆ ಮಾರಬಾರದೇಕೆ? ಪಕ್ಕದಲ್ಲಿ ಕುಳಿತಿದ್ದ ತಂಗಿಯ ಗಂಡ ಆಗಲೇ ಕ್ಯಾಲ್ಕುಲೇಟರ್ ತೆರೆದಿದ್ದ.